ಮೂರು ಹೊತ್ತೂ ಅಮ್ಮನ ಸಾರು

ಬೆಳ್ಳೂರು
12 ಜೂನ್ 2005

ಅಮ್ಮಾ,

ನಿನ್ನೆ ಫೋನಿನಲ್ಲಿ ನೀನು "ಎಂತ ಹೇಳಿದ್ರು ಡಾಕ್ಟರು, ಎಂತ ಹೇಳಿದ್ರು" ಎಂದು ಕೇಳುತ್ತಲೇ ಇದ್ದೆ. ನಾನು "ಹೂಂ, ಇಲ್ಲಿ ಒಳ್ಳೆ ಮಳೆ ಉಂಟು" ಎನ್ನುತ್ತಲೇ ಇದ್ದೆ. ನನಗೆ ಕಿವಿ ಮಂದವಾಗಿಲ್ಲ. ಈ ಮನೆಯಲ್ಲಿ ಫೋನು ಇರುವುದು ಚಾವಡಿಯಲ್ಲಿ, ಅತ್ತೆ ಕೂರುವುದು ಫೋನಿನ ಪಕ್ಕದಲ್ಲಿ. ನನ್ನ ಗರ್ಭಕೋಶದ ಸಮಾಚಾರವನ್ನು ಚಾವಡಿಯಲ್ಲಿ ನಿಂತು ಹೇಳಲು ನನಗಾಗುವುದಿಲ್ಲ. ಹಾಗಾಗಿ ಇನ್ನು ಮುಂದೆ ಕಾಗದ.

ಮಂಗಳೂರಿನ ಡಾಕ್ಟರು ಕೊನೆಗೂ ಒಂದು ಹೆಸರು ಕೊಟ್ಟರು. ಸೀಲಿಯಾಕ್ ಅಂತೆ. ಗೋಧಿಯ ಒಳಗಿನ ಅಂಟು ನನ್ನ ಕರುಳಿಗೆ ಆಗುವುದಿಲ್ಲ. ಗೋಧಿ, ಮೈದಾ, ರವೆ, ಯಾವುದೂ ಒಂದು ಚಿಟಿಕೆ ಸಹ ಹೊಟ್ಟೆಗೆ ಹೋಗಬಾರದು. ಹೋದರೆ ಕರುಳು ಒಳಗಿಂದ ತರಚಿಹೋಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಇಷ್ಟು ವರ್ಷ ಹೊಟ್ಟೆ ಉಬ್ಬರ, ರಕ್ತ ಇಲ್ಲ, ಕೂದಲು ಉದುರುವುದು ಎಂದು ಬೇರೆ ಬೇರೆ ಮದ್ದು ಮಾಡಿದೆವಲ್ಲ, ಎಲ್ಲವೂ ಇದೇ ಒಂದರ ಮಕ್ಕಳು. ನನ್ನ ಮುಟ್ಟು ಎರಡು ತಿಂಗಳು ನಾಪತ್ತೆಯಾಗಿ ಆಮೇಲೆ ಒಂದೇ ತಿಂಗಳಲ್ಲಿ ಎರಡು ಸಲ ಬರುವುದೂ ಇದರಿಂದಲೇ ಇರಬಹುದು ಎಂದರು.

"ಮೊದಲು ಕರುಳು ಗುಣವಾಗಲಿ. ತಿಂಗಳು ಸರಿಯಾಗಿ ಬರ್ಲಿಕ್ಕೆ ಸುರುವಾಗಲಿ. ಮಗುವಿನ ವಿಷಯ ಆಮೇಲೆ ಮಾತಾಡುವ" ಎಂದರು. ಆರು ತಿಂಗಳು ಬಿಟ್ಟು ಮತ್ತೆ ರಕ್ತ ನೋಡುತ್ತಾರೆ. ಮದುವೆಯಾಗಿ ನಾಲ್ಕು ವರ್ಷ ಕಾದವಳಿಗೆ ಇನ್ನು ಆರು ತಿಂಗಳು ಯಾವ ಲೆಕ್ಕ ಎಂದು ನೀನು ಹೇಳಬಹುದು. ಕಾಯುವವಳಿಗೆ ಗೊತ್ತು ಅದರ ಲೆಕ್ಕ. ನನಗೆ ಮಗು ಬೇಕು ಅಮ್ಮಾ. ಅತ್ತೆಗೆ ಬೇಕೆಂದಲ್ಲ, ವಿಘ್ನೇಶರಿಗೆ ಬೇಕೆಂದಲ್ಲ, ನನಗೇ ಬೇಕು.

ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಬಾಯಲ್ಲಿ ಥರ್ಮಾಮೀಟರ್ ಇಟ್ಟು ಬರೆದಿಡಬೇಕಂತೆ. ತಿಂಗಳ ನಡುವೆ ಮೈ ಚೂರು ಬಿಸಿಯಾದರೆ ಅದು ಒಳ್ಳೆಯ ಲಕ್ಷಣ. ಅತ್ತೆ ಬಾಗಿಲಿನಿಂದ ನೋಡಿ, "ದಿನಾ ಜ್ವರ ನೋಡುವಂಥ ಕಾಯಿಲೆ ಎಂತದಪ್ಪ ಇದು" ಎಂದು ಮಾವನಿಗೆ ಹೇಳಿದರು. ಗೋಧಿಯ ವಿಷಯ ಕೇಳಿ ಜೋರಾಗಿ ನಕ್ಕರು. "ನಾವು ಅನ್ನ ತಿನ್ನುವ ಜನ. ಅದು ಚಪಾತಿ ತಿನ್ನುವವರ ಕಾಯಿಲೆ, ನಮಗೆ ಹೇಗೆ ಬರ್ತದೆ?"

ನಿನ್ನ,
ರಮ್ಯಶ್ರೀ

*

ಬಂದ್ಯೋಡು
3 ಜುಲೈ 2005

ರಮ್ಯಾ,

ನಿನ್ನ ಅತ್ತೆ ನಕ್ಕದ್ದರಲ್ಲಿ ತಪ್ಪೇನಿಲ್ಲ, ನನಗೂ ಮೊದಲು ನಗುವೇ ಬಂತು. ಆಮೇಲೆ ಸಿಟ್ಟು ಬಂತು. ನೀನು ಹುಟ್ಟಿದಾಗಿನಿಂದ ನಿನ್ನ ಹೊಟ್ಟೆಗೆ ಓಮದ ನೀರು ಕುಡಿಸಿ ಕುಡಿಸಿ ಸಾಕಾದವಳು ನಾನು. ಒಬ್ಬ ಡಾಕ್ಟರಾದರೂ ಇದನ್ನು ಮೊದಲೇ ಹೇಳಬಾರದಿತ್ತೇ?

ಇರಲಿ. ಇನ್ನು ನಿನ್ನ ಊಟದ ಹೊಣೆ ನನ್ನದು. ಅಲ್ಲಿನ ಯಾವ ಪುಡಿಯನ್ನೂ ಮುಟ್ಟಬೇಡ. ನಿಮ್ಮಲ್ಲಿ ಮೆಣಸು ಕೊತ್ತಂಬರಿಯನ್ನೆಲ್ಲ ಮಿಲ್ಲಿಗೆ ಕೊಡುತ್ತಾರೆ, ಅದೇ ಮಿಲ್ಲಿನಲ್ಲಿ ಗೋಧಿಯನ್ನೂ ಹಾಕುತ್ತಾರೆ. ನಾನು ಕೊತ್ತಂಬರಿ, ಜೀರಿಗೆ, ಮೆಂತೆ, ಮೆಣಸು ಎಲ್ಲವನ್ನೂ ತೊಳೆದು ಒಣಗಿಸಿ, ಹೊಸ ಬಾಣಲೆಯಲ್ಲಿ ಹುರಿದು, ಕೈಯಲ್ಲೇ ಕುಟ್ಟಿ ಸಾರಿನ ಪುಡಿ ಮಾಡಿದ್ದೇನೆ. ಆಷಾಢದ ಮಳೆಯಲ್ಲಿ ಕೊತ್ತಂಬರಿ ಒಣಗಿಸುವುದೆಂದರೆ ಏನೆಂದು ನಿನಗೆ ಗೊತ್ತಿಲ್ಲ. ನಿನ್ನ ಅಪ್ಪ ಫ್ಯಾನಿನ ಕೆಳಗೆ ಮಲಗುವ ಹಾಗಿರಲಿಲ್ಲ, ಅಲ್ಲಿ ಕೊತ್ತಂಬರಿ ಮಲಗಿತ್ತು.

ಇಂಗು ಸ್ವಲ್ಪ ಹೆಚ್ಚೇ ಹಾಕಿದ್ದೇನೆ. ವಾಯುವಿಗೆ ಒಳ್ಳೆಯದು, ಗರ್ಭಕ್ಕೂ ಒಳ್ಳೆಯದು ಎಂದು ಅಜ್ಜಿ ಹೇಳುತ್ತಿದ್ದರು. ಇಂಗು ತೆಂಗು ಇದ್ದರೆ ಮಂಗವೂ ಅಡಿಗೆ ಮಾಡುತ್ತದೆ, ನೀನೂ ಮಾಡುತ್ತೀ.

ಕುಂಬಳೆಗೆ ಹೋಗಿ ಮುಳ್ಳೇರಿಯಾ ಬಸ್ಸಿನ ಕಂಡಕ್ಟರ್ ಸುಕುಮಾರನ ಕೈಯಲ್ಲಿ ಕೊಟ್ಟಿದ್ದೇನೆ. ವಿಘ್ನೇಶನ ಅಂಗಡಿಯಲ್ಲಿ ಇಳಿಸುತ್ತಾನೆ. ಮುಗಿಯುವ ಮೊದಲು ತಿಳಿಸು, ಮತ್ತೆ ಕಳಿಸುತ್ತೇನೆ.

ಅಮ್ಮ

*

ಬೆಳ್ಳೂರು
20 ಅಕ್ಟೋಬರ್ 2005

ಅಮ್ಮಾ,

ಪುಡಿ ಬಂತು. ಇದು ಐದನೆಯದೋ ಆರನೆಯದೋ. ಸುಕುಮಾರ ಈಗ ಡಬ್ಬಿ ಕೊಡುವಾಗ ವಿಘ್ನೇಶರ ಹತ್ತಿರ, "ನಿಮ್ಮಲ್ಲಿ ದಿನಾ ಮದುವೆ ಜಂಬ್ರ ಉಂಟಾ ಮಾರಾಯ್ರೆ?" ಎಂದು ಕೇಳುತ್ತಾನಂತೆ. ಅವರಿಗೆ ಪಂಪ್‌ಸೆಟ್ ರಿಪೇರಿಯ ನಡುವೆ ಹೆಂಡತಿಯ ಸಾರಿನ ಪುಡಿಯ ಲೆಕ್ಕ ಕೊಡಬೇಕಾದ ಕರ್ಮ.

ನನ್ನದೇ ಒಲೆ, ನನ್ನದೇ ಪಾತ್ರೆ, ನನ್ನದೇ ಸೌಟು. ಕುಚ್ಚಲಕ್ಕಿ ಅನ್ನ, ನಿನ್ನ ಸಾರು. ಬೆಳಿಗ್ಗೆ ನೀರುದೋಸೆಗೂ ಅದೇ ಸಾರು. ಬೇರೆ ಎಲ್ಲದರ ಮೇಲೂ ಸಂಶಯವಾದ ಕಾರಣ ಮೂರು ಹೊತ್ತೂ ನಿನ್ನ ಸಾರನ್ನೇ ಉಣ್ಣುತ್ತಿದ್ದೇನೆ. ಮೊನ್ನೆ ನಾದಿನಿಯ ಮಗನ ನಾಮಕರಣಕ್ಕೆ ನನ್ನ ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋದೆ. ಪಂಕ್ತಿಯಲ್ಲಿ ಕೂತು ಎಲೆಯ ಮೇಲೆ ಡಬ್ಬಿಯ ಅನ್ನ ಸುರಿದುಕೊಂಡರೆ ಆಚೆಗಿದ್ದ ಹೆಂಗಸು ಕೇಳಿದಳು, "ಎಂತ, ನಮ್ಮ ಅಡಿಗೆ ಶುದ್ಧ ಇಲ್ವಾ?" ನಾನು ಸೀಲಿಯಾಕ್ ಎಂದೆ. ಅವಳು, "ಅದು ಹರಡ್ತದಾ?" ಎಂದು ತನ್ನ ಎಲೆಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡಳು. ನನಗೀಗ ಡಬ್ಬಿ ಸೊಸೆ ಎಂದು ಹೆಸರಾಗಿದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲವಾದರೂ ಕಾಣಬೇಕಲ್ಲ. ಹೊಟ್ಟೆ ಹಾಗೆಯೇ ಉಬ್ಬುತ್ತದೆ. ಶ್ರಾವಣದಲ್ಲಿ ಮುಟ್ಟೇ ಆಗಲಿಲ್ಲ. ಭಾದ್ರಪದದಲ್ಲಿ ಎರಡು ಸಲ, ಅದರಲ್ಲಿ ಒಂದು ಸರಿಯಾಗಿ ಚೌತಿಯ ದಿನ. ಥರ್ಮಾಮೀಟರಿನ ಗೆರೆ ಬೆಳ್ಳೂರಿನ ಮಾರ್ಗದ ಹಾಗೆ ಎಲ್ಲೆಂದರಲ್ಲಿ ಏರಿ ಇಳಿಯುತ್ತದೆ. ನವರಾತ್ರಿಯ ಪೂಜೆಗೆ ಮೊದಲು ಅತ್ತೆ, "ನಿನ್ನದು ಯಾವಾಗ?" ಎಂದು ಕೇಳಿದರು. ಗೊತ್ತಿಲ್ಲ ಎಂದರೆ ಬೇಕೆಂದೇ ಹೇಳುವುದಿಲ್ಲ ಎನ್ನುವ ಮುಖ. ಮುಟ್ಟನ್ನು ಮುಂದೆ ಹಾಕುವ ಮಾತ್ರೆ ತಂದು ಕೈಗೆ ಕೊಟ್ಟರು. ಡಾಕ್ಟರು ಬೇಡವೆಂದಿದ್ದಾರೆ ಎಂದು ತಿರುಗಿಸಿ ಕೊಟ್ಟೆ. ಸರಿಯಾಗಿ ಪೂಜೆಯ ದಿನವೇ ಹೊರಗೆ ಕೂತೆ. ಅತ್ತೆ ಇನ್ನೂ ಮಾತು ಬಿಟ್ಟಿದ್ದಾರೆ.

ಹೇಳಿದರೆ ನಗುತ್ತೀ, ಹೊರಗಿನ ಕೋಣೆಯ ಆ ಮೂರು ದಿನವೇ ನನಗೆ ಸುಖ. ಒಲೆ ಮುಟ್ಟುವ ಹಾಗಿಲ್ಲ, ಅತ್ತೆ ಗಂಜಿ, ಉಪ್ಪು, ಒಂದಿಷ್ಟು ಕಾಯಿಚಟ್ನಿ ತಂದು ದೂರದಿಂದ ಇಟ್ಟು ಹೋಗುತ್ತಾರೆ. ಆಗ ಹೊಟ್ಟೆ ಕೂಡ ತಣ್ಣಗಿರುತ್ತದೆ. ಬಹುಶಃ ಯಾರ ಮುಖವನ್ನೂ ನೋಡಬೇಕಾಗಿಲ್ಲದ್ದಕ್ಕೆ ಇರಬೇಕು.

ರಮ್ಯಶ್ರೀ

*

ಬೆಳ್ಳೂರು
29 ಡಿಸೆಂಬರ್ 2005

ಅಮ್ಮಾ,

ರಕ್ತದ ವರದಿ ಬಂತು. ಇಳಿಯಲೇ ಇಲ್ಲ. ಜೂನಿನಲ್ಲಿ ಎಷ್ಟಿತ್ತೋ ಹತ್ತಿರ ಹತ್ತಿರ ಅಷ್ಟೇ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಎಲ್ಲಿಂದಲೋ ಹೊಟ್ಟೆಗೆ ಹೋಗ್ತಾ ಉಂಟು. ನೀವು ಹೇಳದಿದ್ರೆ ನನಗೆ ಹೇಗೆ ಗೊತ್ತಾಗೋದು?" ಎಂದರು. ಆರು ತಿಂಗಳು ನಾನು ಒಂದು ಮೈದಾದ ಗೋಳಿಬಜೆಯ ಪರಿಮಳವನ್ನೂ ಹತ್ತಿರದಿಂದ ಮೂಸಿಲ್ಲ. ಅದನ್ನು ಹೇಳಿದೆ. ಅವರು ತಲೆ ಆಡಿಸಿದರು, ಎಲ್ಲರೂ ಹೀಗೆಯೇ ಹೇಳುತ್ತಾರೆ ಎನ್ನುವ ಹಾಗೆ.

ತಿರುಗಿ ಬರುವಾಗ ಬಸ್ಸಿನಲ್ಲಿ ವಿಘ್ನೇಶ ತಲಪಾಡಿಯವರೆಗೆ ವರದಿಯನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ, "ನಿಜ ಹೇಳು. ನಾನು ಬೈಯುವುದಿಲ್ಲ" ಎಂದರು. ಬೈದಿದ್ದರೇ ವಾಸಿಯಿತ್ತು.

ಹೊಸ ವರ್ಷದಿಂದ ಇನ್ನು ಆರು ತಿಂಗಳು. ಹೀಗೆಯೇ ಇದ್ದರೆ ನನ್ನದು ಗುಣವಾಗದ ಜಾತಿಯ ಕಾಯಿಲೆ ಎಂದು ತೀರ್ಮಾನ ಮಾಡಿ ಜೋರಿನ ಮದ್ದು ಸುರುಮಾಡುತ್ತಾರಂತೆ. ಆ ಮದ್ದು ತಿನ್ನುವಾಗ ಮಗುವಿನ ಯೋಚನೆ ಮಾಡಬಾರದಂತೆ.

ರಮ್ಯಶ್ರೀ

*

ಬಂದ್ಯೋಡು
8 ಜನವರಿ 2006

ರಮ್ಯಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಬರೆಯಬಾರದೆಂದುಕೊಂಡರೂ ಬರೆಯುತ್ತಿದ್ದೇನೆ. ತಾಯಿ ಹೇಳದಿದ್ದರೆ ಇನ್ಯಾರು ಹೇಳಬೇಕು?

ನೀನು ಆರನೇ ಕ್ಲಾಸಿನಲ್ಲಿದ್ದಾಗ ಬಂದ್ಯೋಡಿನ ಬೇಕರಿಯಿಂದ ರಸ್ಕು ತಂದು ಹಾಸಿಗೆಯ ಸುರುಳಿಯೊಳಗೆ ಬಚ್ಚಿಟ್ಟು ತಿನ್ನುತ್ತಿದ್ದೆ. ಇರುವೆ ಸಾಲು ಹಿಡಿದು ನಾನು ಕಂಡುಹಿಡಿದೆ. ಅಂದು ಕೂಡ "ನಾನಲ್ಲ" ಎಂದೇ ಸಾಧಿಸಿದ್ದೆ, ಲಂಗದಲ್ಲಿ ಚೂರು ಅಂಟಿರುವಾಗಲೇ. ನಾನು ಮೂವತ್ತು ವರ್ಷದಿಂದ ಟೀಚರು. ಸುಳ್ಳು ಹೇಳುವ ಮಗುವಿನ ಮುಖ ಹೇಗಿರುತ್ತದೆ ಎಂದು ಗೊತ್ತುಂಟು, ಕಾಗದದ ಮೇಲಿದ್ದರೂ ಗೊತ್ತಾಗುತ್ತದೆ.

ಬಾಯಿ ಚಪಲ ಎಲ್ಲರಿಗೂ ಉಂಟು. ಆಸೆಯಾಗಿ ಒಂದು ತುಂಡು ತಿಂದಿದ್ದರೆ ನನ್ನೊಬ್ಬಳ ಹತ್ತಿರವಾದರೂ ಹೇಳು. ಮಗು ಬೇಕು ಎಂದು ಬರೆದವಳು ನೀನೇ. ನಾನು ಇಲ್ಲಿ ಗಂಟೆಗಟ್ಟಲೆ ಕುಟ್ಟಿ ಕೈ ಬೊಬ್ಬೆ ಬರಿಸಿಕೊಳ್ಳುವುದು, ನೀನು ಅಲ್ಲಿ ಕದ್ದು ತಿನ್ನುವುದು ಎಂದಾದರೆ ಈ ಕುಟ್ಟುವ ಕೆಲಸಕ್ಕೆ ಅರ್ಥ ಇಲ್ಲ.

ಪುಡಿ ಕಳಿಸಿದ್ದೇನೆ.

ಅಮ್ಮ

*

ಬೆಳ್ಳೂರು
17 ಜನವರಿ 2006

ಅಮ್ಮಾ,

ಪುಡಿಯನ್ನು ತಿರುಗಿಸಿ ಕಳಿಸಿದ್ದೇನೆ. ಸುಕುಮಾರನಿಗೆ ಎರಡೂ ಕಡೆಯ ಕೆಲಸವಾಯಿತು.

ಡಾಕ್ಟರು ನಂಬದ್ದಕ್ಕೆ ನನಗೆ ಬೇಜಾರಿಲ್ಲ, ಅವರು ನನ್ನನ್ನು ನೋಡಿದ್ದು ಮೂರು ಸಲ. ವಿಘ್ನೇಶ ನಂಬದ್ದಕ್ಕೆ ಎರಡು ದಿನ ಅಳುತ್ತಾ ಕೂತಿದ್ದೆ. ನಿನ್ನ ಕಾಗದ ಓದಿ ಅಳು ಕೂಡ ಬರಲಿಲ್ಲ. ಒಂದು ಸಲ ರಸ್ಕು ಕದ್ದವಳು ಸಾಯುವವರೆಗೆ ಕಳ್ಳಿಯೇ ಎಂದಾದರೆ ನಿನ್ನ ಶಾಲೆಯಲ್ಲಿ ಪಾಸಾದವರು ಯಾರೂ ಇರಲಾರರು.

ನಾನು ಏನು ತಿನ್ನುತ್ತೇನೆ ಎಂದು ನಿನಗೆ ಬೇಕಲ್ಲ. ಅನ್ನ, ಮಜ್ಜಿಗೆ, ಹಿತ್ತಲಿನ ತರಕಾರಿ. ಅದು ಬಿಟ್ಟರೆ ನನ್ನ ಬಾಯಿಗೆ ಹೋಗುವುದೆಲ್ಲ ಬಂದ್ಯೋಡಿನಿಂದ ಬರುವುದು. ನಾನು ಕಳ್ಳಿಯಾದರೆ ಮಾಲು ನಿನ್ನದೇ. ನನ್ನ ಮುಖ ಓದುವ ಮೊದಲು ನಿನ್ನ ಅಡಿಗೆಕೋಣೆಯನ್ನು ಓದು.

ಇನ್ನು ಬರೆಯುವುದಿಲ್ಲ.

ರಮ್ಯಶ್ರೀ

*

ಬಂದ್ಯೋಡು
22 ಜನವರಿ 2006

ರಮ್ಯಶ್ರೀ,

ನನ್ನ ಅಡಿಗೆಕೋಣೆಯನ್ನು ಓದಬೇಕೇ? ಸರಿ. ಈಗಲೇ ಓದುತ್ತೇನೆ. ಕಪಾಟಿನಿಂದ ಎಲ್ಲವನ್ನೂ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದೇನೆ, ನಿನ್ನ ಅಪ್ಪ ಸಾಕ್ಷಿ. ಮುಂದೆ ಯಾರೂ ವಸುಮತಿ ಟೀಚರು ಮಗಳಿಗೆ ಗೋಧಿ ತಿನ್ನಿಸಿದಳು ಎನ್ನಬಾರದು.

ಕೊತ್ತಂಬರಿ. ಇಡೀ ಕಾಳು, ಮೂರು ನೀರಿನಲ್ಲಿ ತೊಳೆದದ್ದು. ಇದರಲ್ಲಿ ಗೋಧಿ ಉಂಟೇ? ಇಲ್ಲ. ಜೀರಿಗೆ, ಅದೂ ಇಡೀ ಕಾಳು. ಮೆಂತೆಯನ್ನು ಒಂದೊಂದಾಗಿ ಆರಿಸಿದ್ದೇನೆ. ಮೆಣಸು ತೊಟ್ಟು ಸಮೇತ ಬಂದದ್ದು, ಕರಿಬೇವು ನಮ್ಮದೇ ಗಿಡದ್ದು, ಬೆಲ್ಲ, ಉಪ್ಪು. ಒರಳು ನನ್ನ ಅತ್ತೆಯ ಕಾಲದ್ದು, ಅದು ಗೋಧಿಯ ಮುಖ ನೋಡಿಲ್ಲ. ಇಂಗು. ಅದೇ ಡಬ್ಬಿ, ನೀನು ಹುಟ್ಟುವ ಮೊದಲಿನಿಂದ ಈ ಮನೆಗೆ ಬರುತ್ತಿರುವ ಅದೇ ಕಂಪೆನಿಯದ್ದು. ಇದರಲ್ಲಿ ಇಂಗಲ್ಲದೆ ಇನ್ನೇನಿರುತ್ತದೆ? ಆದರೂ ನಿನ್ನ ಸಮಾಧಾನಕ್ಕೆ ಓದಿಯೇ ಬಿಡುತ್ತೇನೆ. ಹಿಂದುಗಡೆ ಇರುವೆಯ ಕಾಲಿನಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಕನ್ನಡಕ ಬೇಕು. ತಿನ್ನುವ ಅಂಟು, ಗೋಧಿ ಹಿಟ್ಟು,

23 ಜನವರಿ

ನಿನ್ನೆ ಅಲ್ಲಿಗೇ ಪೆನ್ನು ಇಟ್ಟೆ.

ಇವತ್ತು ಶಾಲೆಗೆ ರಜೆ ಹಾಕಿ ಪೂವಪ್ಪನ ಅಂಗಡಿಗೆ ಹೋದೆ. ಅವನಲ್ಲಿದ್ದ ಎಲ್ಲ ಕಂಪೆನಿಗಳ ಇಂಗನ್ನೂ ಇಳಿಸಿ ನೋಡಿದೆ. ಪುಡಿ, ಗಟ್ಟಿ, ಯಾವುದನ್ನು ತಿರುಗಿಸಿದರೂ ಗೋಧಿ ಹಿಟ್ಟೋ ಮೈದಾವೋ. ಒಳಗೆ ಇಂಗಿಗಿಂತ ಅದೇ ಹೆಚ್ಚು. "ಇಷ್ಟು ವರ್ಷ ಮಾರಿದೆ ಟೀಚರೇ, ಹಿಂದೆ ತಿರುಗಿಸಿ ಓದಿದವರು ಒಬ್ಬರೂ ಇಲ್ಲ" ಎಂದ ಪೂವಪ್ಪ. ಇಂಗು ತಿಂದ ಮಂಗನ ಹಾಗೆ ನಾನು ಅಂಗಡಿಯ ಮುಂದೆ ನಿಂತಿದ್ದೆ.

ಚಪಾತಿ ಬಿಡಿಸಿದೆ, ಬಿಸ್ಕೆಟು ಬಿಡಿಸಿದೆ, ಮಿಲ್ಲಿನ ಗಾಳಿ ತಾಗದ ಹಾಗೆ ನೋಡಿಕೊಂಡೆ. ನೀರುಳ್ಳಿ ಬೆಳ್ಳುಳ್ಳಿ ಹಾಕದ ಮನೆಯಲ್ಲಿ ಇಂಗು ಹಾಕದಿದ್ದರೆ ಸಾರಿಗೆ ಸಾರಿನ ರುಚಿಯೇ ಇಲ್ಲ, ಅದನ್ನು ಸಂಶಯಿಸುವುದು ನನಗೆ ಹೊಳೆಯಲೇ ಇಲ್ಲ. ಅದೂ ಗರ್ಭಕ್ಕೆ ಒಳ್ಳೆಯದೆಂದು ಕೈ ತುಂಬಾ ಹಾಕಿದೆ. ಮೂರು ಹೊತ್ತೂ ಉಣ್ಣುತ್ತೇನೆ ಎಂದು ನೀನು ಬರೆದಾಗ ಸಂತೋಷಪಟ್ಟೆ. ಹೊರಗೆ ಕೂತ ಮೂರು ದಿನ ಬರೀ ಗಂಜಿ ಉಂಡಾಗ ಹೊಟ್ಟೆ ತಣ್ಣಗಿತ್ತು ಎಂದೂ ನೀನೇ ಬರೆದಿದ್ದೆ. ಮಕ್ಕಳ ಪರೀಕ್ಷೆಯ ಪೇಪರನ್ನು ಹೀಗೆ ಓದಿದ್ದರೆ ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದರು.

ಡಾಕ್ಟರಿಗೆ ತೋರಿಸಲು ಡಬ್ಬಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ವಿಘ್ನೇಶನಿಗೂ ತೋರಿಸು, ಅವನೂ ಓದಲಿ. ನಿನ್ನ ಅತ್ತೆಗೆ ನಾನೇ ಫೋನು ಮಾಡುತ್ತೇನೆ.

ಅಮ್ಮ

*

ಬಂದ್ಯೋಡು
26 ಫೆಬ್ರವರಿ 2006

ರಮ್ಯಾ,

ನೀನು ಬರೆಯಲಿಲ್ಲ. ಬರೆಯಬೇಕೆಂದು ನಾನು ಹೇಳುವುದೂ ಇಲ್ಲ. ಇಂಗಿಲ್ಲದ ಪುಡಿ ಕಳಿಸಿದ್ದೇನೆ, ಜೀರಿಗೆ ಹೆಚ್ಚು ಹಾಕಿ. ರುಚಿ ಇಲ್ಲ. ಉಣ್ಣು.

ಈ ಮನೆಯಲ್ಲೂ ಇಂಗು ನಿಲ್ಲಿಸಿದ್ದೇನೆ. ನಿನ್ನ ಅಪ್ಪ ನಿನ್ನೆ ಬಟ್ಟಲು ದೂಡಿ, "ಇದು ಸಾರಾ, ಬಿಸಿನೀರಾ?" ಎಂದು ಕೇಳಿದರು. ಎರಡೂ ಎಂದೆ. ಇಂಗು ತೆಂಗು ಇದ್ದರೆ ಮಂಗವೂ ಅಡಿಗೆ ಮಾಡುತ್ತದೆ ಎಂದು ನಿನಗೆ ಗಾದೆ ಬರೆದಿದ್ದೆ. ಇಂಗು ತೆಗೆದ ಮೇಲೆ ಈ ಮನೆಯಲ್ಲಿ ಇಷ್ಟು ವರ್ಷ ಅಡಿಗೆ ಮಾಡುತ್ತಿದ್ದದ್ದು ಯಾರು ಎಂದು ಗೊತ್ತಾಯಿತು.

ಅಮ್ಮ

*

ಬೆಳ್ಳೂರು
9 ಜುಲೈ 2006

ಅಮ್ಮಾ,

ಹೊರಗಿನ ಕೋಣೆಯಿಂದ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಸ್ವಲ್ಪ ಉಂಟು, ಆದರೆ ಈ ಸುದ್ದಿಯನ್ನು ಹೇಳಲು ನಿನ್ನನ್ನು ಬಿಟ್ಟರೆ ಯಾರೂ ಇಲ್ಲ. ನಿನ್ನೆ ಮುಟ್ಟಾಯಿತು. ಗುರುತು ಹಾಕಿದ ದಿನಕ್ಕೇ. ಹೋದ ತಿಂಗಳೂ ಹಾಗೆಯೇ, ಅದರ ಹಿಂದಿನ ತಿಂಗಳು ಒಂದು ದಿನ ಆಚೆ ಈಚೆ. ಥರ್ಮಾಮೀಟರಿನ ಗೆರೆ ನಡುವೆ ಒಂದು ಮೆಟ್ಟಿಲು ಹತ್ತಿ ಅಲ್ಲಿಯೇ ನಿಲ್ಲುತ್ತದೆ. ರಕ್ತದ ವರದಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಡಾಕ್ಟರು ನಿನ್ನ ಡಬ್ಬಿಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರಂತೆ. "ನಿಮ್ಮ ಮಾತು ನಂಬಲಿಲ್ಲ, ಕ್ಷಮಿಸಿ" ಎಂದು ನನಗೆ ಹೇಳಿದರು ಕೂಡ. ಹಾಗೆ ಹೇಳಿದವರು ಇಷ್ಟರವರೆಗೆ ಅವರೊಬ್ಬರೇ.

ನಿನ್ನೆ ನಾನು ಹೊರಗೆ ಬಂದದ್ದು ನೋಡಿ ಅತ್ತೆ, "ಈ ತಿಂಗಳೂ ಇಲ್ವಾ" ಎಂದು ನಿಟ್ಟುಸಿರು ಬಿಟ್ಟರು. ನಾನು ಚಾಪೆ ಬಿಡಿಸಿ ಕೂತು ಒಬ್ಬಳೇ ನಕ್ಕೆ. ಸಮಯಕ್ಕೆ ಸರಿಯಾಗಿ ಮುಟ್ಟಾದದ್ದಕ್ಕೆ ನಕ್ಕವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಅತ್ತೆ ಅವರ ಅಡಿಗೆಯಲ್ಲಿ ಇಂಗು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಅವರ ಸೌಟು ನನ್ನ ಪಾತ್ರೆಗೆ ತಾಗಿದರೆ ಈಗ ಅವರೇ ತೊಳೆದಿಡುತ್ತಾರೆ. ವಿಘ್ನೇಶ ಅಂಗಡಿಗೆ ಬಂದ ಪ್ರತಿಯೊಂದು ಪೊಟ್ಟಣವನ್ನೂ ಹಿಂದೆ ತಿರುಗಿಸಿ ಓದುತ್ತಾರೆ. ಮೊನ್ನೆ ಗ್ರೀಸಿನ ಡಬ್ಬಿಯನ್ನೂ ಓದುತ್ತಿದ್ದರು.

ರಮ್ಯಶ್ರೀ

*

ಬೆಳ್ಳೂರು
2 ನವೆಂಬರ್ 2006

ಅಮ್ಮಾ,

ಈ ಕಾಗದ ಓದಿದ ಮೇಲೆ ಫೋನು ಮಾಡಬಾರದು. ಮಾಡಿದರೆ ನಾನು ಎತ್ತುವುದಿಲ್ಲ.

ದಿನ ದಾಟಿತು. ದೀಪಾವಳಿಗೆ ಆಗಬೇಕಿತ್ತು, ಆಗಲಿಲ್ಲ. ಮೊದಲೆಲ್ಲ ತಡವಾದರೆ ಬರೀ ತಡವೇ, ಅದಕ್ಕೆ ಅರ್ಥವೇ ಇರಲಿಲ್ಲ, ಬಸ್ಸು ಇಲ್ಲದ ಊರಿನಲ್ಲಿ ಬಸ್ಸು ಬರಲಿಲ್ಲ ಎಂದ ಹಾಗೆ. ಈಗ ತಡವಾದರೆ ಅರ್ಥ ಉಂಟು. ಅದಕ್ಕೇ ಹೆದರಿಕೆ. ಥರ್ಮಾಮೀಟರಿನ ಗೆರೆ ಮೇಲೆ ಹೋದದ್ದು ಕೆಳಗೆ ಇಳಿದಿಲ್ಲ. ದಿನಾ ಬೆಳಿಗ್ಗೆ ಅದನ್ನು ಎರಡೆರಡು ಸಲ ಬಾಯಿಗೆ ಇಟ್ಟು ನೋಡುತ್ತೇನೆ.

ಅತ್ತೆಗೆ ಸಂಶಯ ಬಂದಿದೆ. "ಎಂತ, ಈ ಸಲ ಹೊರಗೆ ಕೂತದ್ದು ಕಾಣ್ಲಿಲ್ಲ" ಎಂದರು. ಕೇಳದವಳ ಹಾಗೆ ಬಾವಿಕಟ್ಟೆಗೆ ಹೋದೆ. ವಿಘ್ನೇಶರಿಗೂ ಹೇಳಿಲ್ಲ. ಹೇಳಿದ ಮರುದಿನ ಹೊರಗೆ ಕೂರಬೇಕಾಗಿ ಬಂದರೆ ಅವರು ಪುನಃ ಕಿಟಕಿಯ ಹೊರಗೆ ನೋಡುತ್ತಾರೆ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಮಂಗಳೂರಿಗೆ ಹೋಗಲು ಇನ್ನೂ ಧೈರ್ಯ ಬಂದಿಲ್ಲ. ನನಗೇ ನಂಬಿಕೆ ಬರುತ್ತಿಲ್ಲ. ವರದಿ ಇಲ್ಲ, ಡಬ್ಬಿ ಇಲ್ಲ, ಸಾಕ್ಷಿ ಏನೂ ಇಲ್ಲ, ನಾನು ಹೇಳುವುದು ಮಾತ್ರ. ನೀನು ನಂಬುತ್ತೀಯಾ?

ರಮ್ಯಶ್ರೀ

*

ಬಂದ್ಯೋಡು
6 ನವೆಂಬರ್ 2006

ರಮ್ಯಾ,

ನಂಬಿದ್ದೇನೆ.

ಫೋನು ಮಾಡುವುದಿಲ್ಲ. ನಿನ್ನೆಯಿಂದ ಎರಡು ಸಲ ಅದರ ಹತ್ತಿರ ಹೋಗಿ ತಿರುಗಿ ಬಂದಿದ್ದೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದಕ್ಕೆ ಬೈಸಿಕೊಂಡೆ. ಡಾಕ್ಟರಲ್ಲಿಗೆ ಹೋಗು, ಹೋಗಬೇಡ, ಯಾರಿಗೆ ಹೇಳು, ಯಾರಿಗೆ ಹೇಳಬೇಡ, ಏನೂ ನಾನು ಬರೆಯುವುದಿಲ್ಲ. ಹೋದ ಜನವರಿಯಲ್ಲಿ ಬರೆದದ್ದೇ ಸಾಕಷ್ಟಾಯಿತು. ಆ ಕಾಗದ ಇನ್ನೂ ನಿನ್ನ ಹತ್ತಿರ ಉಂಟಾದರೆ ನೀರು ಕಾಯಿಸುವ ಒಲೆಗೆ ಹಾಕು.

ಪುಡಿ ಕಳಿಸಿದ್ದೇನೆ. ಕೊತ್ತಂಬರಿ, ಜೀರಿಗೆ, ಮೆಂತೆ, ಮೆಣಸು, ಕರಿಬೇವು, ಬೆಲ್ಲ, ಉಪ್ಪು. ಬೇರೆ ಏನೂ ಇಲ್ಲ.

ದಿನ ದಾಟಿತು ಎಂದು ನೀನು ಬರೆದೆ, ದಾಟಿತು ಎಂದು ನಾನು ನಂಬಿದೆ. ನಾಳೆ ಹೊರಗೆ ಕೂತೆ ಎಂದು ಬರೆದರೆ ಅದನ್ನೂ ನಂಬುತ್ತೇನೆ.

ಅಮ್ಮ